ದೊಡ್ಡ ಸ್ಕೂಲಿನ ಮಾತು

ಸಣ್ಣ ಊರಿನಲ್ಲಿ ಮೂರು ವಿಷಯಗಳ ಮೇಲೆ ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು: ಮಳೆ, ಮುನಿಸಿಪಾಲಿಟಿ ಮತ್ತು ಹೈಸ್ಕೂಲು. ಮಳೆಯ ಬಗ್ಗೆ ಆಡಿದ ಮಾತು ವಾರದೊಳಗೆ ಸುಳ್ಳಾಗುವುದುಂಟು. ಮುನಿಸಿಪಾಲಿಟಿಯ ಬಗ್ಗೆ ಆಡಿದ ಮಾತು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಹೈಸ್ಕೂಲಿನ ಬಗ್ಗೆ ಆಡಿದ ಮಾತಿನ ಬೆಲೆ ತಿಳಿಯಬೇಕಾದರೆ ಮಾತ್ರ, ಆಡಿದವರ ಮಗು ಎಲ್ಲಿ ಓದುತ್ತಿದೆ ಎಂದು ಮೊದಲು ವಿಚಾರಿಸಬೇಕು.

ಹಳೆಯ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ, ಬಸ್ ನಿಲ್ದಾಣಕ್ಕೂ ಸಂತೆಮಾಳಕ್ಕೂ ನಡುವೆ, ಹೆಂಚು ಹೊದೆಸಿದ ಉದ್ದನೆಯ ಕಟ್ಟಡವೊಂದಿದೆ. ಅದರ ಬೋರ್ಡು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲು ಅದು ಮುನಿಸಿಪಲ್ ಹೈಸ್ಕೂಲು. 1952–53ರ ಮುದಲಿಯಾರ್ ಆಯೋಗದ ಸಲಹೆಯ ಗಾಳಿ ಬೀಸಿದಾಗ ವಿವಿಧೋದ್ದೇಶ ಪ್ರೌಢಶಾಲೆಯಾಯಿತು. ಹಿಂಭಾಗದಲ್ಲಿ ಮರಗೆಲಸ ಕಲಿಸಲು ಒಂದು ಷೆಡ್ಡು ಎದ್ದಿತು. 1970ರ ದಶಕದಲ್ಲಿ ಎರಡು ವರ್ಷದ ಪಿ.ಯು.ಸಿ. ನೆಲೆಯೂರಿದ ಮೇಲೆ ಜೂನಿಯರ್ ಕಾಲೇಜೆನಿಸಿತು. ಮರಗೆಲಸದ ಷೆಡ್ಡಿನಲ್ಲಿ ಈಗ ಕಾಲು ಮುರಿದ ಬೆಂಚುಗಳು ವಿಶ್ರಾಂತಿ ಪಡೆಯುತ್ತಿವೆ. ಹೆಸರು ಏನೇ ಆಗಲಿ, ಊರವರ ಬಾಯಲ್ಲಿ ಅದು ಎಂದೆಂದಿಗೂ 'ದೊಡ್ಡ ಸ್ಕೂಲು'.

ದೊಡ್ಡ ಸ್ಕೂಲನ್ನು ಹೊಗಳುವವರಲ್ಲಿ ಹಳೆಯ ವಿದ್ಯಾರ್ಥಿಗಳದೇ ಮೊದಲ ಪಂಕ್ತಿ. ಬೆತ್ತ ಹಿಡಿದ ಮೇಷ್ಟರನ್ನು ನೆನೆದು ಅವರ ಕಣ್ಣು ತೇವವಾಗುತ್ತದೆ. ಆ ಇಂಗ್ಲಿಷ್ ವ್ಯಾಕರಣವೇನು, ಆ ಹಳಗನ್ನಡ ಪಾಠವೇನು! ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಹಳದಿ ಬಣ್ಣದ ವ್ಯಾನು ಬರುತ್ತದೆ. ಅವರ ಮೊಮ್ಮಕ್ಕಳು ಟೈ ಕಟ್ಟಿಕೊಂಡು ಅದರೊಳಗೆ ಏರಿ ಖಾಸಗಿ ಶಾಲೆಗೆ ಹೊರಡುತ್ತಾರೆ.

ತೆಗಳುವವರದು ಇನ್ನೊಂದು ಪಂಕ್ತಿ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಿಂದ ಹಲವು ವರ್ಷ ಸೈಕಲು ಹಂಚಿತು. 2007ರಲ್ಲಿ ಮಧ್ಯಾಹ್ನದ ಬಿಸಿಯೂಟ ಹೈಸ್ಕೂಲಿಗೂ ಬಂದಿತು. 2013ರಲ್ಲಿ ಹಾಲು ಬಂದಿತು. "ಅಲ್ಲಿಗೆ ಓದಲು ಯಾರು ಹೋಗುತ್ತಾರೆ? ಉಣ್ಣಲು ಹೋಗುತ್ತಾರೆ" ಎಂಬ ಮಾತು ಅಂದಿನಿಂದ ಊರಿನಲ್ಲಿ ಚಲಾವಣೆಯಲ್ಲಿದೆ. ಆ ಸೈಕಲು ಇಲ್ಲದಿದ್ದರೆ ಸುತ್ತಲ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳ ಓದು ಏಳನೆಯ ತರಗತಿಗೇ ನಿಲ್ಲುತ್ತಿತ್ತೆಂಬುದನ್ನು ಯಾರೂ ಆಡುವುದಿಲ್ಲ. ಬಲ್ಲವರು ಆ ಹಳ್ಳಿಗಳಲ್ಲಿದ್ದಾರೆ. ಅವರ ಅಭಿಪ್ರಾಯವನ್ನು ಕೇಳುವವರಿಲ್ಲ.

ಹೊಗಳಿಕೆ, ತೆಗಳಿಕೆ ಎರಡೂ ಸೇರುವ ತಾಣ ಪೇಟೆ ಬೀದಿಯ ಜವಳಿ ಅಂಗಡಿ. ಅಲ್ಲಿನ ಬೆಂಚಿನ ಮೇಲೆ ಸಂಜೆ ನಿವೃತ್ತ ಗುಮಾಸ್ತರೊಬ್ಬರು, ಔಷಧಿ ಅಂಗಡಿಯವರು, ಇನ್ನೂ ಮೂರು ನಾಲ್ಕು ಮಂದಿ ಕೂಡುತ್ತಾರೆ. ಅಂಗಡಿಯ ಯಜಮಾನರು ದೊಡ್ಡ ಸ್ಕೂಲಿನಲ್ಲೇ ಎಸ್.ಎಸ್.ಎಲ್.ಸಿ. ಪಾಸು ಮಾಡಿದವರು. ಗಜಕಡ್ಡಿ ಆಡಿಸುತ್ತಲೇ, "ಆ ಕಾಲ ಹೋಯಿತು, ಸ್ಕೂಲು ಕೆಟ್ಟಿತು" ಎಂಬ ಮಾತಿಗೆ ಇಪ್ಪತ್ತು ವರ್ಷ ತಲೆದೂಗಿದವರು. ಅವರ ಒಬ್ಬಳೇ ಮಗಳು ವ್ಯಾನಿನಲ್ಲಿ ಹೋಗುತ್ತಿದ್ದಳು.

ಆದರೆ ವ್ಯಾಪಾರಕ್ಕೂ ಕಾಲವೆಂಬುದಿದೆಯಷ್ಟೆ. ಜಿಲ್ಲಾ ಕೇಂದ್ರದಲ್ಲಿ ನಾಲ್ಕಂತಸ್ತಿನ ಮಳಿಗೆಗಳು ಎದ್ದವು. ಊರಿನ ಹೆಂಗಸರು ಅಂಗೈಯ ಫೋನಿನಲ್ಲೇ ಸೀರೆ ಆರಿಸತೊಡಗಿದರು. ಮಗಳು ಎಂಟನೆಯ ತರಗತಿ ಮುಗಿಸಿದ ವರ್ಷ ಖಾಸಗಿ ಶಾಲೆಯ ಶುಲ್ಕದ ಚೀಟಿ ಬಂದಾಗ ಯಜಮಾನರು ಅದನ್ನು ಎರಡು ದಿನ ಗಲ್ಲಾಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ಮೂರನೆಯ ದಿನ ಹೆಂಡತಿಗೆ ಹೇಳಿದರು. "ನೆಂಟರಿಗೆ ಏನೆಂದು ಹೇಳಲಿ?" ಎಂದು ಆಕೆ ಅತ್ತರು. ಮಗಳು ಏನೂ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಆಕೆ ದೊಡ್ಡ ಸ್ಕೂಲಿನ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಒಂಬತ್ತನೆಯ ತರಗತಿಗೆ ಸೇರಿದಳು. ಬೆಂಚಿನವರಿಗೆ ಯಜಮಾನರು ಈ ಸಂಗತಿ ತಿಳಿಸಲಿಲ್ಲ.

ಎರಡು ವಾರ ಕಳೆದ ಮೇಲೆ, ಊಟದ ಹೊತ್ತಿನಲ್ಲಿ, ತಂದೆ ಅಳುಕುತ್ತಲೇ ಕೇಳಿದರು:

"ಸ್ಕೂಲು ಹೇಗಿದೆಯಮ್ಮ?"

"ಗಣಿತದ ಮೇಷ್ಟ್ರು ಚೆನ್ನಾಗಿ ಹೇಳಿಕೊಡುತ್ತಾರಪ್ಪ. ತಪ್ಪು ಮಾಡಿದವರನ್ನೇ ಬೋರ್ಡಿಗೆ ಕರೆಯುತ್ತಾರೆ, ಆದರೆ ಬಯ್ಯುವುದಿಲ್ಲ. ವಿಜ್ಞಾನಕ್ಕೆ ಯಾರೂ ಇಲ್ಲ. ನನ್ನ ಪಕ್ಕ ಕೂರುವವಳು ಬೆಳಿಗ್ಗೆ ಐದಕ್ಕೆ ಎದ್ದು ಅವರಮ್ಮನ ಜೊತೆ ಹೂ ಕಟ್ಟಿಟ್ಟು ಬರುತ್ತಾಳೆ. ಆದರೂ ಅವಳೇ ಕ್ಲಾಸಿಗೆ ಮೊದಲು." ಸ್ವಲ್ಪ ತಡೆದು ಮತ್ತೆ ಹೇಳಿದಳು: "ಹುಡುಗಿಯರ ಕಡೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಅದಕ್ಕೇ ನಾವು ಯಾರೂ ಸಂಜೆಯವರೆಗೆ ನೀರು ಕುಡಿಯುವುದಿಲ್ಲ."

ತಂದೆಯ ಕೈಯ ತುತ್ತು ಕೈಯಲ್ಲೇ ನಿಂತಿತು. ಇಪ್ಪತ್ತು ವರ್ಷಗಳಲ್ಲಿ ಬೆಂಚಿನ ಮೇಲೆ ಶಾಲೆಯ ಬಗ್ಗೆ ಎಷ್ಟು ಮಾತು ಹರಿದಿತ್ತು! ಗಣಿತದ ಮೇಷ್ಟರ ಗುಣವೂ ಆ ಮಾತಿನಲ್ಲಿರಲಿಲ್ಲ, ನಲ್ಲಿಯ ನೀರೂ ಇರಲಿಲ್ಲ.

ಆಷಾಢದಲ್ಲಿ ಪೋಷಕರ ಸಭೆ ಕರೆದರು. ಬಂದವರು ಇಪ್ಪತ್ತು ಇಪ್ಪತ್ತೈದು ಮಂದಿ. ಆ ದಿನದ ಕೂಲಿ ಬಿಟ್ಟು ಬಂದವರೇ ಹೆಚ್ಚು. ಯಜಮಾನರು ಹಿಂದಿನ ಬೆಂಚಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಳಿತರು. ಮುಖ್ಯೋಪಾಧ್ಯಾಯರು ಫಲಿತಾಂಶ ಓದಿದರು, 625 ಅಂಕಗಳಿಗೆ ಯಾರು ಎಷ್ಟು ಪಡೆದರೆಂದು ಹೇಳಿದರು, ಚಪ್ಪಾಳೆಯಾಯಿತು. ಅನಂತರ ಹೂ ಮಾರುವ ಹೆಂಗಸೊಬ್ಬರು ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು.

"ಸ್ವಾಮಿ, ನನಗೆ ಓದು ಬರಲ್ಲ. ವಿಜ್ಞಾನದ ಪುಸ್ತಕದಲ್ಲಿ ಇನ್ನೂ ಒಂದು ಪಾಠಾನೂ ಆಗಿಲ್ಲ ಅಂತಾಳೆ ನಮ್ಮ ಹುಡುಗಿ. ಪರೀಕ್ಷೆಯೋರು ಆ ಪುಸ್ತಕ ಬಿಟ್ಟು ಕೇಳ್ತಾರಾ?"

ಹುದ್ದೆ ಖಾಲಿಯಿದೆ, ಮೇಲಿನವರಿಗೆ ಬರೆದಿದ್ದೇವೆ ಎಂದು ಮುಖ್ಯೋಪಾಧ್ಯಾಯರು ಮೆಲ್ಲನೆ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆ ಪ್ರಶ್ನೆಯ ಮುಂದೆ ನಿಜವೂ ಸಣ್ಣದಾಗಿ ಕಂಡಿತು. ಯಜಮಾನರಿಗೆ ತಲೆ ಎತ್ತಲಾಗಲಿಲ್ಲ. ಅಕ್ಷರ ಬಾರದ ತಾಯಿ ಕೇಳಿದ್ದನ್ನು ಅಕ್ಷರ ಬಲ್ಲ ಬೆಂಚಿನವರು ಒಂದು ದಿನವೂ ಕೇಳಿರಲಿಲ್ಲ. ಅವರು ಎದ್ದು ನಿಂತು, "ಪೋಷಕರ ಅರ್ಜಿಯೊಂದನ್ನು ನಾನು ಬರೆಯುತ್ತೇನೆ, ಎಲ್ಲರೂ ರುಜು ಹಾಕಿ" ಎಂದರು.

ರುಜುಗಳ ನಡುವೆ ಆರು ಹೆಬ್ಬೆಟ್ಟುಗಳೂ ಬಿದ್ದವು. ಅರ್ಜಿ ಹಿಡಿದು ಯಜಮಾನರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿದರು. ಪ್ರತಿಸಲವೂ ಅಂಗಡಿಗೆ ಅರ್ಧ ದಿನದ ಬಾಗಿಲು. ಗೌರಿ ಹಬ್ಬದ ಹೊತ್ತಿಗೆ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯೊಬ್ಬರು ಬಂದರು. ನಲ್ಲಿಗೆ ಹೊಸ ಪೈಪು ಹಾಕಿಸಿದ್ದು ಪೋಷಕರ ಚಂದಾಹಣ. ಎಲ್ಲವೂ ಸರಿಹೋಯಿತೆಂದಲ್ಲ. ಮಳೆ ಬಂದರೆ ಒಂಬತ್ತನೆಯ ತರಗತಿಯ ಮೂಲೆಯಲ್ಲಿ ಇಂದಿಗೂ ಬಕೆಟ್ಟು ಇಡಬೇಕು. ಹಿಂದಿಗೆ ಇನ್ನೂ ಯಾರೂ ಬಂದಿಲ್ಲ. ಆದರೆ ಮಗಳು ಸ್ಕೂಲಿಗೆ ಹೊರಡುವಾಗ ನೀರಿನ ಬಾಟಲಿ ತುಂಬಿಸಿಕೊಳ್ಳುವುದನ್ನು ತಾಯಿ ಕಂಡರು. ನೆಂಟರ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಶಾಲೆಯ ಕುಂದನ್ನು ಎತ್ತಿ ಆಡುವುದು ಸುಲಭ. ಆ ಕುಂದು ತನ್ನ ಮಗುವಿನ ಬಾಯಾರಿಕೆಯಾಗಿ ಮನೆಗೆ ಬಂದಾಗ ಆಡಿ ಸುಮ್ಮನಿರುವುದು ಕಷ್ಟ. ಊರಿನ ಶಾಲೆಗಳಿಂದ ಮಾತು ಬಲ್ಲವರ ಮಕ್ಕಳು ಒಬ್ಬೊಬ್ಬರಾಗಿ ಹೊರಟುಹೋದಾಗ, ಮಕ್ಕಳೊಂದಿಗೆ ಆ ಕಷ್ಟವೂ ಹೊರಟುಹೋಗುತ್ತದೆ. ಉಳಿಯುವುದು ಅಭಿಪ್ರಾಯ ಮಾತ್ರ.

ಮೊನ್ನೆ ಸಂಜೆ ಗುಮಾಸ್ತರು ಎಂದಿನಂತೆ ಬೆಂಚಿನ ಮೇಲೆ ಕುಳಿತು, "ಏನೇ ಅನ್ನಿ, ದೊಡ್ಡ ಸ್ಕೂಲು ಕೆಟ್ಟಿತು" ಎಂದರು. ಯಜಮಾನರು ಈ ಸಲ ತಲೆದೂಗಲಿಲ್ಲ. ಗಜಕಡ್ಡಿಯನ್ನು ಪಕ್ಕಕ್ಕಿಟ್ಟು ಗಲ್ಲಾಪೆಟ್ಟಿಗೆಯಿಂದ ಕಾಗದವೊಂದನ್ನು ತೆಗೆದರು.

"ನಿಜ ರಾಯರೆ. ನಮ್ಮ ಹುಡುಗಿ ಅಲ್ಲೇ ಓದುತ್ತಿದ್ದಾಳೆ, ನನಗೂ ಗೊತ್ತು. ಹಿಂದಿ ಮೇಷ್ಟ್ರು ಬೇಕೆಂದು ಅರ್ಜಿ ಬರೆದಿದ್ದೇನೆ. ಹಳೆಯ ವಿದ್ಯಾರ್ಥಿಗಳೆಂದು ತಾವೂ ಒಂದು ರುಜು ಹಾಕಬೇಕು."

ಬೆಂಚಿನ ಮೇಲೆ ಮೌನ ಕವಿಯಿತು. ಔಷಧಿ ಅಂಗಡಿಯವರಿಗೆ ಗಿರಾಕಿಯ ನೆನಪಾಯಿತು. ಗುಮಾಸ್ತರು ಜೇಬು ಮುಟ್ಟಿ ನೋಡಿಕೊಂಡು, "ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನಲ್ಲ" ಎಂದರು.

"ಚಿಂತೆಯಿಲ್ಲ" ಎಂದು ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದರು. "ಎಲ್ಲಿ ಎಂದು ನಾನು ತೋರಿಸುತ್ತೇನೆ."