ನೀರು ಹಿಂದಕ್ಕೆ ಹರಿಯುತ್ತಾ?

ಮೇ ಕೊನೆಯಲ್ಲಿ ನಮ್ಮ ಬಾಳೂರಿಗೆ ಬಂದರೆ ತೋಟದವರ ಕೈ, ಅಂಗಿ ಎಲ್ಲ ನೀಲಿ. ಮಳೆ ಹಿಡಿಯೋ ಮೊದಲು ಕಾಫಿಗೆ ಬೋರ್ಡೋ ಹೊಡೆದು ಮುಗಿಸಬೇಕು, ಇಲ್ಲದಿದ್ದರೆ ಎಲೆತುಕ್ಕು. 200 ಲೀಟರಿನ ಡ್ರಮ್ಮಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ತೋಟದ ಕೆರೆ ತಳ ಕಂಡಿರುತ್ತೆ, ಮನೆ ಮುಂದಿನ ಪಂಚಾಯ್ತಿ ನಲ್ಲಿ ಹತ್ತಿರ ಇರುತ್ತೆ. ಅದಕ್ಕೆ ಹೋಸ್ ಸಿಗಿಸಿ ತುದಿಯನ್ನ ಡ್ರಮ್ಮಿನ ತಳಕ್ಕೆ ಇಳಿಬಿಟ್ಟರೆ ಆಯ್ತು.

"ಚಿಕ್ಕಪ್ಪ, ಪೈಪು ಮುಳುಗಿಸಬೇಡಿ, ಔಷಧಿ ವಾಪಸ್ ಲೈನಿಗೆ ಹೋಗುತ್ತೆ" ಅಂದೆ.

"ನೀರು ಎಲ್ಲಾದ್ರೂ ಹಿಂದಕ್ಕೆ ಹರಿಯುತ್ತೇನೋ ಮಾರಾಯ? ನಿಮ್ ಬೆಂಗಳೂರಲ್ಲಿ ಹರೀಬೋದು."

ಹರಿಯುತ್ತೆ. ಬೆಂಗಳೂರಲ್ಲಿ ಕಾವೇರಿ ಲೈನಿಗೇ ಮೋಟರ್ ಕೂರಿಸಿ ಪಕ್ಕದ ಮನೆ ನೀರು ಎಳೆಯೋರು ಇದ್ದಾರೆ, ಪೈಪು ಸೀಳಿದ್ದರೆ ಜೊತೆಗೆ ಚರಂಡಿ ನೀರೂ ಬರುತ್ತೆ. ನಮ್ಮ ಗುಡ್ಡದಲ್ಲಿ ಮೋಟರೂ ಬೇಡ. ಟ್ಯಾಂಕ್ ಮೇಲೆ, ಚಿಕ್ಕಪ್ಪನ ಮನೆ ನಡುವೆ, ಕೂಲಿಯವರ ಲೈನ್ ಮನೆಗಳು ಕೆಳಗೆ. ನೀರುಗಂಟಿ ವಾಲ್ವ್ ಬಂದ್ ಮಾಡಿದ ಮೇಲೂ ಪೈಪಿನಲ್ಲಿ ಉಳಿದ ನೀರು ಇಳಿಜಾರಿಗೆ ಇಳೀತಾನೇ ಇರುತ್ತೆ. ಕೆಳಗೆ ಯಾರೋ ಬಿಂದಿಗೆ ಇಟ್ಟು ನಲ್ಲಿ ತಿರುಗಿಸಿದರೆ ಮೇಲೆ ತೆರೆದಿಟ್ಟ ನಲ್ಲಿ ಸುಂಯ್ ಅಂತ ಗಾಳಿ ಎಳೆಯುತ್ತೆ. ಹೋಸಿನ ತುದಿ ಮುಳುಗಿದ್ದರೆ ಗಾಳಿ ಬದಲು ಡ್ರಮ್ಮಿನಲ್ಲಿರೋದೇ ಹೋಗುತ್ತೆ. ಬೈಕಿನಿಂದ ಪೈಪು ಹಾಕಿ ಪೆಟ್ರೋಲ್ ಎಳೆಯೋದು ನೋಡಿದ್ದೀರಲ್ಲ, ಅದೇ ವಿದ್ಯೆ.

ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದರೆ ಡ್ರಮ್ಮಿನಲ್ಲಿ ಲೀಟರಿಗೆ ಸುಮಾರು 1,250 ಮಿಲಿಗ್ರಾಂ. ಕುಡಿಯೋ ನೀರಿಗೆ ನಮ್ಮ ದೇಶದ ಮಾನಕ ಒಪ್ಪೋದು ಹೆಚ್ಚೆಂದರೆ 1.5. ಡ್ರಮ್ ಕದಡಿ, ಬೆನ್ನಿಗೆ ಪಂಪ್ ಕಟ್ಟಿಕೊಂಡು ಹೊಡೆಯೋರು ಲೈನ್ ಮನೆಯವರು. ಸಂಜೆ ಮನೆಗೆ ಹೋಗಿ ಅದೇ ಲೈನಿನ ನೀರು ಕುಡಿಯೋರೂ ಅವರೇ. ನನಗೆ ಸಿಟ್ಟು ಬರೋದು ಇಲ್ಲಿ. ಈ ವಿಷ ಯಾವತ್ತೂ ಮೇಲಿನ ಮನೆಗೆ ಹತ್ತಲ್ಲ.

1933ರಲ್ಲಿ ಷಿಕಾಗೋದಲ್ಲಿ ವಿಶ್ವ ಮೇಳ ನಡೀತಿದ್ದಾಗ ಎರಡು ಹೋಟೆಲುಗಳ ಕುಡಿಯೋ ನೀರಿಗೆ ಕೊಳಚೆ ಸೇರಿ, ಅಮೀಬಾ ಭೇದಿಯಿಂದ 98 ಜನ ಸತ್ತರು. ಅಲ್ಲೂ ಕಾರಣ ಪೈಪುಗಳ ಅಡ್ಡಾದಿಡ್ಡಿ ಜೋಡಣೆ.

ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು. ಆದರೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚಲ್ಲ. ಖರ್ಚಿಲ್ಲದ ಉಪಾಯ ಅಂದರೆ ಪೈಪಿನ ಬಾಯಿಗೂ ಡ್ರಮ್ಮಿನ ಅಂಚಿಗೂ ನಡುವೆ ಬರೀ ಗಾಳಿ ಬಿಡೋದು. ಪೈಪಿನ ಅಗಲದ ಎರಡರಷ್ಟು ಇದ್ದರೆ ಸಾಕು, ಅರ್ಧ ಇಂಚಿನ ಪೈಪಿಗೆ ಒಂದು ಇಂಚು.

ಚಿಕ್ಕಪ್ಪ ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮೇಸ್ತ್ರಿ ಒಂದು ಕವೆಗೋಲು ಕಡಿದು ಡ್ರಮ್ಮಿನ ಪಕ್ಕ ನೆಟ್ಟು, ಹೋಸನ್ನ ಅಂಚಿಗಿಂತ ಮೇಲೆ ಬಿಗಿದ. ವಾಲ್ವ್ ತಿರುಗಿಸೋಕೆ ಬಂದ ನೀರುಗಂಟಿ ಅದನ್ನ ನೋಡಿ ನಕ್ಕರು.

"ಇದೊಂದು ಆಯ್ತು ಸಾರ್. ಇನ್ನೂ ಮೇಲೆ ಮೂರು ಮನೆ ಇದಾವಲ್ಲ, ಅವರಿಗೆ ನಾನ್ ಹೇಳಿದ್ರೆ ಕೇಳ್ತಾರಾ?"