ಹಿಹೋನ್ ಕಡಲತೀರದ ತಾಯಿ

ಸ್ಪೇನಿನ ಉತ್ತರ ಕರಾವಳಿಯ ಹಿಹೋನ್ ಪಟ್ಟಣದಲ್ಲಿ ಸಮುದ್ರದತ್ತ ಕೈಚಾಚಿ ನಿಂತ ಕಂಚಿನ ಹೆಂಗಸೊಬ್ಬಳಿದ್ದಾಳೆ. ರಮೋನ್ ಮುರಿಯೆದಾಸ್ 1970ರಲ್ಲಿ ರೂಪಿಸಿದ ‘ವಲಸಿಗನ ತಾಯಿ’. ಊರವರ ಬಾಯಲ್ಲಿ ಮಾತ್ರ ‘ರಿಂಕೊನಿನ್ ಹುಚ್ಚಿ’! ದುಡಿಮೆ ಅರಸಿ ಈ ಸೀಮೆಯಿಂದ ಹಡಗೇರಿದವರು ಕ್ಯೂಬಾ, ಅರ್ಜೆಂಟೀನಾ, ಮೆಕ್ಸಿಕೋ ಸೇರಿದರು.

ಅಗಲಿದವರ ನೆನಪು ಕಾಡಿದರೆ ಸ್ಪೇನಿನಲ್ಲಿ ‘ತೆ ಎಚೊ ದೆ ಮೆನೊಸ್’ ಎನ್ನುತ್ತಾರೆ. ‘ಕಡಿಮೆಯಿದೆಯೆಂದು ಕಾಣುವುದು’ ಎಂಬ ಪೋರ್ಚುಗೀಸ್ ಮಾತಿನಿಂದ ಬಂದದ್ದಂತೆ. ಊಟದ ಪಂಕ್ತಿಯಲ್ಲಿ ಒಂದು ತಲೆ ಕಡಿಮೆ ಬಿದ್ದ ಹಾಗೆ. ಮಗ ಹಾಸ್ಟೆಲಿಗೆ ಹೋದಾಗ ನಮ್ಮ ತಾಯಂದಿರೂ ‘ಮನೆ ಬಿಕೋ ಅನ್ನುತ್ತೆ ಕಣೋ’ ಎಂದು ದೂರನ್ನು ಮನೆಯ ಮೇಲೇ ಹಾಕುತ್ತಾರಲ್ಲ!

ಹಡಗೇರಿದವರು ಇಳಿದ ಅಮೆರಿಕದ ನಾಡುಗಳಲ್ಲಿ ‘ತೆ ಎಕ್ಸ್ತ್ರಾನ್ಯೊ’ ಹೆಚ್ಚು ಬಳಕೆ. ‘ಎಕ್ಸ್ತ್ರಾನ್ಯೊ’ಗೆ ವಿಚಿತ್ರ, ಅಪರಿಚಿತ ಎಂಬ ಅರ್ಥವೂ ಇದೆ, ನೀನಿಲ್ಲದ ಜಾಗವೇ ಪರಕೀಯ ಎಂದಂತೆ ನನಗೆ ಕೇಳಿಸುತ್ತದೆ. ಸ್ಪ್ಯಾನಿಷ್ ಕಲಿಯುವ ವಿದ್ಯಾರ್ಥಿಗಳು ಎರಡನ್ನೂ ಕಲಿತಿರಲಿ. ಕಡಲಿನ ಎರಡೂ ದಡದವರಿಗೆ ಎರಡೂ ತಿಳಿಯುತ್ತವೆ.