ಕಿಟಕಿಯ ಬೂಷ್ಟು

ಮಲೆನಾಡಿನಲ್ಲಿ ಆಷಾಢವು ಪ್ರವೇಶಿಸಿತೆಂದರೆ ಇರಚಲಿಗೆ ಅಂಜಿ ಕಿಟಕಿಗಳನ್ನು ಭದ್ರವಾಗಿ ಮುಚ್ಚುವುದು ನಮ್ಮ ಮನೆಯ ಹಳೆಯ ರೂಢಿ. ಅಂಥ ಒಂದು ಕಿಟಕಿಯ ಕೆಳಗೆ, ತೀರ್ಥರೂಪರು ಸ್ವಹಸ್ತದಿಂದ ಬರೆದಿದ್ದ ಅಮರಕೋಶದ ಪ್ರತಿಯನ್ನುಳ್ಳ ಪೆಟ್ಟಿಗೆಯು ಗೋಡೆಗೆ ಒರಗಿದ್ದಿತು. 2023ರ ಮಳೆಗಾಲದಲ್ಲಿ ಚೌಕಟ್ಟಿನ ಮೇಲೆ ಕರಿಯ ಬೂಷ್ಟು ಕಾಣಿಸಿಕೊಂಡಾಗ ಒಣಬಟ್ಟೆಯಿಂದ ಒರಸಿ, ಮೇಲೆ ಬಣ್ಣ ಬಳಿಸಿ, ಕೃತಾರ್ಥನಾದೆನೆಂದು ತಿಳಿದೆನು. ಮರುವರ್ಷ ಶ್ರಾವಣದಲ್ಲಿ ಪೆಟ್ಟಿಗೆಯನ್ನು ತೆರೆಯಲು, ನಾನಾರ್ಥವರ್ಗದ ಹಾಳೆಗಳು ಒಂದಕ್ಕೊಂದು ಅಂಟಿ ಅಕ್ಷರಗಳು ಅಳಿದುಹೋಗಿದ್ದುವು.

ಆಮೇಲೆ ಕಲಿತುದಿಷ್ಟು. ಬೂಷ್ಟಿಗೆ ಮರ, ಕಾಗದ, ಧೂಳು ಇವೆಲ್ಲ ಆಹಾರ, ತೇವವೇ ಪ್ರಾಣ. ಒಣದಾಗಿ ಉಜ್ಜಿದರೆ ಅದರ ಬೀಜಕಣಗಳು ಮನೆಯೆಲ್ಲ ಹರಡುವುವು. ಆದುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಾಬೂನಿನ ನೀರಿನಿಂದ ತೊಳೆದು, ಕೂಡಲೆ ಒಣಗಿಸಬೇಕು. ಚೌಕಟ್ಟಿಗೂ ಗೋಡೆಗೂ ನಡುವಣ ಬಿರುಕನ್ನು ಮುಚ್ಚಿಸಬೇಕು. ಒದ್ದೆಬಟ್ಟೆಗಳನ್ನು ಆ ಕೋಣೆಯಲ್ಲಿ ಹರವಲಾಗದು. ಪೆಟ್ಟಿಗೆಯು ಗೋಡೆಯಿಂದ ಗೇಣುದೂರವಿರಬೇಕು. ಹೊಳವಾದಾಗ ಕಿಟಕಿಯನ್ನು ತೆರೆಯಬೇಕು.

ತಪ್ಪನ್ನು ಮರೆಮಾಡುವುದು ಬೇರೆ, ತಿದ್ದುವುದು ಬೇರೆ ಎಂದು 35 ವರ್ಷ ಹುಡುಗರಿಗೆ ಹೇಳಿದವನು ನಾನೇ! ಈಗ ಹೊಳವಾದ ದಿನಗಳಲ್ಲಿ ಆ ಕಿಟಕಿಯನ್ನು ತೆರೆದು ಕುಳಿತು, ಅಳಿದ ಪುಟಗಳನ್ನು ನೆನಪಿನಿಂದ ಬರೆಯುತ್ತಿರುವೆನು. ಶ್ಲೋಕಗಳು ಮರಳಿ ಬರುತ್ತಿವೆ. ತಂದೆಯ ಕೈಬರಹವು ಬಾರದು.